ಕ್ಲಬ್ಬಿನ ವಯಸ್ಸಿಗೊಂದು ವೋಟು

ಎಲ್ಲ ರಾದ್ಧಾಂತಕ್ಕೂ ಕಾರಣ ಎರಡು ಬೆರಳಗಲದ ಒಂದು ಖಾಲಿ ಜಾಗ.

ಹಳೇ ಕಟ್ಟಡಗಳ ಇಲಾಖೆಯಿಂದ ಕ್ಲಬ್ಬಿಗೆ ಒಂದು ನಮೂನೆ ಬಂದಿತ್ತು. ಅದರಲ್ಲಿ ಹದಿನಾಲ್ಕು ಪ್ರಶ್ನೆ. ಹದಿಮೂರಕ್ಕೆ ಕ್ಲಬ್ಬಿನ ಗುಮಾಸ್ತರು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಉತ್ತರ ಬರೆದಿದ್ದರು. ಮಹಡಿ ಎಷ್ಟು? ಎರಡು. ಬಾಗಿಲು ಎಷ್ಟು? ಇಪ್ಪತ್ತೇಳು. ಸೋರುವ ಜಾಗ ಎಷ್ಟು? ಮಳೆಯನ್ನು ಅವಲಂಬಿಸಿದೆ. ಆರನೆಯ ಪ್ರಶ್ನೆ ಮಾತ್ರ 'ಕಟ್ಟಡ ಕಟ್ಟಿದ ವರ್ಷ' ಎಂದು ಕೇಳಿತ್ತು. ಅಲ್ಲಿ ಪೆನ್ನು ನಿಂತಿತು. ಯಾರನ್ನಾದರೂ ಕೇಳಿ ಆಮೇಲೆ ಬರೆದರಾಯಿತು ಎಂದುಕೊಂಡ ಗುಮಾಸ್ತರು, ಆ 'ಆಮೇಲೆ' ಬರುವುದಕ್ಕೆ ಮೊದಲೇ ನಮೂನೆಯನ್ನು ಅಂಚೆಗೆ ಹಾಕಿಬಿಟ್ಟಿದ್ದರು.

ಬೆಳಿಗ್ಗೆ ಎಂಟೂವರೆಗೆ ಆಫೀಸಿನ ಫೋನು ಹೊಡೆದುಕೊಂಡಿತು.

"ಆರನೇ ಪ್ರಶ್ನೆ ಖಾಲಿ ಬಿಟ್ಟಿದ್ದೀರಲ್ಲ?" ಎಂದಿತು ಒಂದು ಹೆಣ್ಣುದನಿ. "ನಾನು ಹಳೇ ಕಟ್ಟಡಗಳ ಇಲಾಖೆ ಅಧಿಕಾರಿ. ಇವತ್ತು ನಾಲ್ಕು ಗಂಟೆಗೆ ಬರ್ತೀನಿ. ಕಟ್ಟಡಕ್ಕೆ ನೂರು ವರ್ಷ ದಾಟಿದೆ ಅನ್ನೋದಕ್ಕೆ ಆಧಾರ ತೆಗೆದಿಟ್ಟಿರಿ. ಆಧಾರ ಇದ್ರೆ ಒಂದು ಇಟ್ಟಿಗೆನೂ ಯಾರೂ ಮುಟ್ಟೋ ಹಾಗಿಲ್ಲ. ಇಲ್ಲ ಅಂದ್ರೆ 'ಆಧಾರವಿಲ್ಲ' ಅಂತ ಬರೆದು ಸಹಿ ಹಾಕ್ತೀನಿ. ನಿಮ್ಮ ಬಿಲ್ಡರ್ ನಾಳೆ ಬೆಳಿಗ್ಗೆನೇ ಹಾರೆ ಹಿಡ್ಕೊಂಡು ಬರಬಹುದು."

ಗುಮಾಸ್ತರ ಎದೆ ಧಸಕ್ಕೆಂದಿತು.

ಅದಕ್ಕೆ ಕಾರಣವೂ ಇತ್ತು. ಕ್ಲಬ್ಬನ್ನು ಕೆಡವಿ ಅಲ್ಲಿ ಹದಿನಾರು ಮಹಡಿ ಎಬ್ಬಿಸಬೇಕು, ಮೇಲಿನ ಮಹಡಿಯಲ್ಲಿ ಹೊಸ ಕ್ಲಬ್ಬು ಇಟ್ಟುಕೊಳ್ಳಬೇಕು ಎಂದು ಕಾರ್ಯದರ್ಶಿಗಳು ಒಬ್ಬ ಬಿಲ್ಡರನ್ನು ಹಿಡಿದು ತಂದಿದ್ದರು. ಸದಸ್ಯರು ವೋಟು ಹಾಕಿದಾಗ ಹತ್ತಕ್ಕೆ ಹತ್ತು ಸಮ ಬಂದು, ಇಲಾಖೆಯವರು ಹೇಳಿದ ಹಾಗೆ ಆಗಲಿ ಎಂದು ಬಿಟ್ಟಿದ್ದರು. ಸದಸ್ಯರಿಗೇನು, ಕೆಳಗೆ ಕೂತರೂ ಇಸ್ಪೀಟು, ಮೇಲೆ ಕೂತರೂ ಇಸ್ಪೀಟು. ಗುಮಾಸ್ತರ ಪಾಡು ಹಾಗಲ್ಲ. ಕಟ್ಟಡದ ಹಿಂಬದಿಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಅವರೂ ಅವರ ಹೆಂಡತಿಯೂ ಮೂವತ್ತೊಂದು ವರ್ಷದಿಂದ ಸಂಸಾರ ಮಾಡಿಕೊಂಡಿದ್ದರು. ಕೆಲಸಕ್ಕೆ ಸೇರಿದಾಗ ಕ್ಲಬ್ಬಿನವರು ಕೊಟ್ಟಿದ್ದ ಕಾಗದದಲ್ಲಿ 'ಕಟ್ಟಡ ಇರುವ ತನಕ ಇವರು ಇಲ್ಲಿ ವಾಸಿಸಬಹುದು' ಎಂದಿತ್ತು. ಕಟ್ಟಡವೇ ಹೋದರೆ ಆ ಕಾಗದವನ್ನು ತಲೆಯ ಮೇಲೆ ಹಿಡಿದುಕೊಂಡು ಬೀದಿಯಲ್ಲಿ ನಿಲ್ಲಬೇಕಾಗುತ್ತಿತ್ತು.

"ಮೂವತ್ತೊಂದು ವರ್ಷ ಇದರೊಳಗೇ ಮಲಗಿ ಎದ್ದಿದ್ದೀರಿ, ಯಾವಾಗ ಕಟ್ಟಿದ್ದು ಅಂತ ಒಂದಿನ ಕೇಳಬೇಕು ಅನ್ನಿಸಲಿಲ್ವೇನ್ರೀ?" ಎಂದರು ಹೆಂಡತಿ, ಒಲೆಯ ಮುಂದಿನಿಂದ ತಲೆ ಎತ್ತದೆ.

"ನೀನು ಕೇಳಿದ್ಯಾ?"

"ನಾನು ಯಾಕೆ ಕೇಳಲಿ? ನನಗೆ ಸಂಜೆ ಗೋಡೆ ತೇವ ಒರೆಸೋದರಲ್ಲೇ ಸಾಕಾಗುತ್ತೆ. ಹೋಗಿ, ಆ ಮಹಾನುಭಾವರನ್ನೇ ಕೇಳಿ. ಬೆಳಗಿಂದ ಸಂಜೆವರೆಗೂ ಕೂತಿರ್ತಾರಲ್ಲ."

ಮಹಾನುಭಾವರು ಇಸ್ಪೀಟಿನ ಕೋಣೆಯಲ್ಲಿ ಆಗಲೇ ಬಂದು ಕೂತಿದ್ದರು. ಕ್ಲಬ್ಬಿನ ಅಧ್ಯಕ್ಷರಾದ ನಿವೃತ್ತ ಜಡ್ಜ್ ಸಾಹೇಬರು ತಮ್ಮ ಮಾಮೂಲು ಕುರ್ಚಿಯಲ್ಲಿ, ಎದುರಿಗೆ ಹಲ್ಲಿನ ಡಾಕ್ಟರು, ಸುತ್ತ ಇನ್ನೊಂದು ನಾಲ್ಕು ಜನ. ಗುಮಾಸ್ತರು ವಿಷಯ ಹೇಳಿ ಮುಗಿಸುವಷ್ಟರಲ್ಲಿ ಎಲೆಗಳು ಮೇಜಿನ ಮೇಲೆ ಬೋರಲು ಬಿದ್ದವು.

"ನೂರೈವತ್ತು ವರ್ಷ," ಎಂದರು ಜಡ್ಜ್ ಸಾಹೇಬರು. "ಒಬ್ಬ ದೊಡ್ಡ ಜಮೀನುದಾರ ಕಟ್ಟಿಸಿದ್ದು. ಮಗಳ ಮದುವೆಗೆ ಅಂತ ಕಟ್ಟಿಸಿದ, ಮದುವೆ ಮುರಿದುಬಿತ್ತು, ಸಿಟ್ಟಿನಲ್ಲಿ ಇಸ್ಪೀಟಿನವರಿಗೆ ಕೊಟ್ಟುಬಿಟ್ಟ. ನಮ್ಮ ತಾತನೇ ಹೇಳಿದ್ದು."

"ಯಾರು ಹೇಳಿದ್ರೆ ಏನು ಸಾರ್? ಕಮಾನು ನೋಡಿ, ಕಮಾನು!" ಹಲ್ಲಿನ ಡಾಕ್ಟರು ಎದ್ದು ಹೋಗಿ ಬಾಗಿಲ ಮೇಲಿನ ಕಮಾನಿಗೆ ಬಾಯಿ ತೆರೆಸುವವರ ಹಾಗೆ ಕತ್ತು ಎತ್ತಿ ನೋಡಿದರು. "ಸವೆತ ನೋಡಿದ್ರೆ ನೂರಾ ಹತ್ತು. ಒಂದು ವರ್ಷ ಹೆಚ್ಚಿಲ್ಲ. ಇದು ಯಾವುದೋ ಹಡಗಿನ ಕಂಪನಿಯವರ ಉಗ್ರಾಣ."

"ಉಗ್ರಾಣಕ್ಕೆ ಯಾರ್ರೀ ಬಣ್ಣದ ಗಾಜು ಹಾಕಿಸ್ತಾರೆ?"

"ಮದುವೆ ಮನೆಗೆ ಯಾರ್ರೀ ಕಿಟಕಿಗೆ ಕಂಬಿ ಹಾಕಿಸ್ತಾರೆ?"

"ಹುಡುಗಿ ಓಡಿಹೋಗದೇ ಇರಲಿ ಅಂತ!"

ಮಾತು ಜೋರಾದ ಮೇಲೆ ಆ ಕ್ಲಬ್ಬಿನಲ್ಲಿ ನಡೆಯುವುದು ಒಂದೇ ಕೆಲಸ. ಜಡ್ಜ್ ಸಾಹೇಬರು ಮೇಜು ಕುಟ್ಟಿದರು. ವೋಟು! ಅಲ್ಲಿ ಏನೇ ತಕರಾರು ಬಂದರೂ ಕೈ ಎತ್ತಿಸಿ, ಎಣಿಸಿ, ನಡಾವಳಿ ಪುಸ್ತಕದಲ್ಲಿ ಗುಮಾಸ್ತರ ಕೈಯಲ್ಲಿ ಬರೆಸಿಬಿಡುತ್ತಿದ್ದರು. ಬರೆದದ್ದು ಅಲ್ಲಿಗೆ ಸತ್ಯ. ಫ್ಯಾನು ಎರಡರಲ್ಲಿರಬೇಕೋ ಮೂರರಲ್ಲೋ ಎಂಬುದಕ್ಕೂ ವೋಟು. ಒಮ್ಮೆ ಹೊರಗೆ ಮಳೆ ಬರುತ್ತಿದೆಯೋ ಇಲ್ಲವೋ ಎಂದು ಜಗಳವಾಗಿ, ಕಿಟಕಿ ತೆರೆಯುವ ಬದಲು ವೋಟು ಹಾಕಿದ್ದರು. ಏಳಕ್ಕೆ ನಾಲ್ಕು, ಮಳೆ ಇಲ್ಲ ಎಂದು ತೀರ್ಮಾನವಾಯಿತು. ಸೋತ ನಾಲ್ವರು ಕೊಡೆ ಹಿಡಿದುಕೊಂಡು ಮನೆಗೆ ಹೋದರು, ಗೆದ್ದ ಏಳು ಜನ ಒಂದು ವಾರ ಸೀನಿದರು.

ಈಗಲೂ ಕೈ ಎತ್ತಿದರು. ನೂರೈವತ್ತಕ್ಕೆ ಮೂರು, ನೂರಾ ಹತ್ತಕ್ಕೆ ಮೂರು.

"ಸಮ ಬಂದ್ರೆ ಮಧ್ಯ ಹಿಡಿಯೋದು," ಎಂದರು ಜಡ್ಜ್ ಸಾಹೇಬರು. "ನೂರಾ ಮೂವತ್ತು. ಇದಕ್ಕೆ ಯಾರ ವಿರೋಧ ಇದೆ? ಯಾರದ್ದೂ ಇಲ್ಲ. ಬರೀರಿ ಗುಮಾಸ್ತರೇ. ಕಟ್ಟಡದ ವಯಸ್ಸು ನೂರಾ ಮೂವತ್ತು, ಸರ್ವಾನುಮತ."

"ಸಾರ್, ಅವರು ಆಧಾರ ಕೇಳ್ತಾರೆ," ಎಂದು ಗುಮಾಸ್ತರು ಮೆಲ್ಲಗೆ ಹೇಳಿದರು.

"ಸರ್ವಾನುಮತಕ್ಕಿಂತ ಆಧಾರ ಬೇಕೇನ್ರೀ?"

ಗುಮಾಸ್ತರು ಬರೆದರು. ಬರೆದ ಶಾಯಿ ಒಣಗುತ್ತಿದ್ದಾಗ ಅವರಿಗೆ ಒಂದು ಕುತೂಹಲ ಹುಟ್ಟಿತು. ಅದು ಬರೀ ಮನೆಯ ಭಯವಲ್ಲ. ನಿಜಕ್ಕೂ ಇದನ್ನು ಯಾರು ಕಟ್ಟಿದರು? ಮೇಲಿನ ಮಹಡಿಯಲ್ಲಿ ಒಂದು ಬಾಗಿಲು ತೆರೆದರೆ ಬರೀ ಆಕಾಶ, ಅದು ಯಾಕೆ? ಮುಂಬಾಗಿಲ ಮೆಟ್ಟಿಲುಗಳು ಎಡಗಡೆ ಮಾತ್ರ ಸವೆದಿವೆ, ಯಾರ ಕಾಲಿಗೆ? ಇಷ್ಟು ವರ್ಷ ತಾನು ಅದೇ ಮೆಟ್ಟಿಲ ಮೇಲೆ ಹತ್ತಿ ಇಳಿದೂ ಒಂದು ದಿನ ಬಗ್ಗಿ ನೋಡಿರಲಿಲ್ಲವಲ್ಲ ಎಂದು ಅವರಿಗೇ ಆಶ್ಚರ್ಯವಾಯಿತು. ಹಳೆಯ ನಡಾವಳಿ ಪುಸ್ತಕಗಳು ಇಸ್ಪೀಟಿನ ಕೋಣೆಯ ಮೇಲಿನ ಅಟ್ಟದಲ್ಲಿದ್ದವು. ಅಲ್ಲೇನಾದರೂ ಸಿಕ್ಕೀತು ಎಂದು ಏಣಿ ತರಲು ಹೊರಟರು.

ಮೊಗಸಾಲೆಯಲ್ಲಿ ಕಾರ್ಯದರ್ಶಿಗಳು ಎದುರಾದರು. ನಲವತ್ತರ ಆಸುಪಾಸಿನ, ಯಾವಾಗಲೂ ಬೆವರುತ್ತಿದ್ದ ಒಳ್ಳೆಯ ಮನುಷ್ಯ. ಆದರೆ ಬಿಲ್ಡರ್ ಜೊತೆ ಸೇರಿದವರ ಮುಖ ನೋಡಲು ಗುಮಾಸ್ತರಿಗೆ ಇಷ್ಟವಿರಲಿಲ್ಲ. "ಗುಮಾಸ್ತರೇ, ಒಂದು ನಿಮಿಷ," ಎಂದರೂ ಕೇಳಿಸದವರಂತೆ ಹೊಟ್ಟೆ ಹಿಡಿದುಕೊಂಡು ಪಕ್ಕದ ಬಾತ್‌ರೂಮಿಗೆ ನುಗ್ಗಿ, ಅವರು ಹೋಗುವ ತನಕ ನಲ್ಲಿ ಬಿಟ್ಟುಕೊಂಡು ನಿಂತರು.

ಅಟ್ಟದ ಧೂಳಿಗೆ ಮೂರು ಸಲ ಸೀನಿ, ಗುಮಾಸ್ತರು ಪುಸ್ತಕಗಳ ರಾಶಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಮೊದಲು ಕೈಗೆ ಬಂದ ಪುಸ್ತಕ ತೆರೆದರೆ ಅದರಲ್ಲಿ ತಮ್ಮದೇ ಮುತ್ತಿನಂಥ ಅಕ್ಷರ. ಇಪ್ಪತ್ತೆಂಟು ವರ್ಷದ ಹಿಂದಿನದು. 'ಕಟ್ಟಡ ಹಳತಾಗಿ ಶಿಥಿಲವಾಗಿದೆ, ಕೆಡವತಕ್ಕದ್ದು ಎಂದು ನಗರಸಭೆಯಿಂದ ನೋಟೀಸು ಬಂದಿರುತ್ತದೆ. ಸಭೆಯು ಕೂಲಂಕಷವಾಗಿ ಚರ್ಚಿಸಿ, ಕಟ್ಟಡದ ವಯಸ್ಸು ಕೇವಲ ಹನ್ನೆರಡು ವರ್ಷ ಎಂದು ಸರ್ವಾನುಮತದಿಂದ ತೀರ್ಮಾನಿಸಿತು. ಮೊಹರಿನೊಂದಿಗೆ ನಕಲನ್ನು ನಗರಸಭೆಗೆ ಕಳಿಸತಕ್ಕದ್ದು.'

ಗುಮಾಸ್ತರಿಗೆ ನೆನಪಾಯಿತು. ಮೊಹರು ಒತ್ತಿದ್ದೂ ತಾವೇ, ನಕಲನ್ನು ಸೈಕಲ್ಲಿನಲ್ಲಿ ಒಯ್ದು ಕೊಟ್ಟು ಬಂದಿದ್ದೂ ತಾವೇ. ಮನೆ ಉಳಿಯಿತು ಎಂದು ಆ ದಿನ ಹೆಂಡತಿಗೆ ಸಿಹಿ ಕೊಂಡೊಯ್ದಿದ್ದರು ಕೂಡ.

ಮುಂದಿನ ಪುಸ್ತಕ ಹನ್ನೊಂದು ವರ್ಷದ ಹಿಂದಿನದು. ಪುರಾತನ ಕ್ಲಬ್ಬುಗಳ ಒಕ್ಕೂಟಕ್ಕೆ ಸೇರಬೇಕಾಗಿದ್ದಾಗ, ಇದೇ ಕಟ್ಟಡದ ವಯಸ್ಸು ಇನ್ನೂರು ಎಂದು ಸರ್ವಾನುಮತದಿಂದ ತೀರ್ಮಾನವಾಗಿತ್ತು. ಅಂದರೆ ಒಂದು ಲೆಕ್ಕದಲ್ಲಿ ಕಟ್ಟಡಕ್ಕೆ ಈಗ ನಲವತ್ತು, ಇನ್ನೊಂದು ಲೆಕ್ಕದಲ್ಲಿ ಇನ್ನೂರ ಹನ್ನೊಂದು, ಬೆಳಗಿನ ಲೆಕ್ಕದಲ್ಲಿ ನೂರಾ ಮೂವತ್ತು. ಮೂರೂ ತಮ್ಮ ಕೈಬರಹ.

ಗುಮಾಸ್ತರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗಲೇ ಕೆಳಗೆ ಏನೋ ಸರಿದ ಸದ್ದಾಯಿತು. ಬಗ್ಗಿ ನೋಡಿದರೆ ಏಣಿ ಇಲ್ಲ. ಬಲ್ಬು ಬದಲಿಸಲು ಯಾರೋ ಎತ್ತಿಕೊಂಡು ಹೋಗಿದ್ದರು.

"ಸಾರ್! ಜಡ್ಜ್ ಸಾಹೇಬ್ರೇ! ಏಣಿ ಇಲ್ಲ ಸಾರ್!" ಎಂದು ಅಟ್ಟದಿಂದಲೇ ಕೂಗಿದರು.

ಕೆಳಗಿನಿಂದ ಹಲ್ಲಿನ ಡಾಕ್ಟರ ದನಿ ಬಂತು. "ಯಾರೋ ಮೇಲಿಂದ ಕೂಗಿದ ಹಾಗಾಯ್ತು."

"ನಾನು ಸಾರ್, ಗುಮಾಸ್ತ! ಏಣಿ ಕೊಡಿಸಿ!"

"ಆಟದ ಮಧ್ಯೆ ಏಳೋದೋ, ಈ ಸುತ್ತು ಮುಗಿಸಿ ಏಳೋದೋ?" ಜಡ್ಜ್ ಸಾಹೇಬರು ಮೇಜು ಕುಟ್ಟಿದರು. "ಕೈ ಎತ್ತಿ." ಸ್ವಲ್ಪ ಹೊತ್ತಿಗೆ ತೀರ್ಪು ಬಂತು. "ಗುಮಾಸ್ತರೇ, ಸುತ್ತು ಮುಗಿದ ಮೇಲೆ ಅಂತ ಐದಕ್ಕೆ ಒಂದು. ನೀವು ಕೆಳಗೆ ಬಂದ ಮೇಲೆ ಬರ್ಕೊಳ್ಳಿ."

ಬೇರೆ ದಾರಿಯಿರಲಿಲ್ಲ. ಗುಮಾಸ್ತರು ರಾಶಿಯ ತಳದಲ್ಲಿದ್ದ, ರಟ್ಟು ಕಿತ್ತುಹೋದ ಒಂದು ಪುಟ್ಟ ಪುಸ್ತಕವನ್ನು ಎಳೆದರು. ಮೊದಲ ಪುಟದ ಮೂಲೆಯಲ್ಲಿ ತಾರೀಖಿತ್ತು. ದಿನ ಇತ್ತು, ತಿಂಗಳಿತ್ತು, ವರ್ಷವನ್ನು ಮಾತ್ರ ಹುಳು ತಿಂದಿತ್ತು. ಇಡೀ ಪುಸ್ತಕದಲ್ಲಿ ಆ ಹುಳುವಿಗೆ ಹಸಿವಾಗಿದ್ದು ಅದೇ ಜಾಗದಲ್ಲಿ! ಶಪಿಸುತ್ತಾ ಕೆಳಗೆ ಓದಿದರು.

'ಮಂಜುಗಡ್ಡೆ ಇನ್ನೂ ಬಂದಿಲ್ಲ. ಗಾಡಿ ದಾರಿಯಲ್ಲಿದೆಯಂತೆ. ಕಾಯುವುದೆಂದು ಹಾಜರಿದ್ದ ನಾಲ್ವರೂ ತೀರ್ಮಾನಿಸಿದರು.'

ಯಾವ ಮಂಜುಗಡ್ಡೆ? ಯಾರು ಈ ನಾಲ್ವರು? ಗುಮಾಸ್ತರು ಕನ್ನಡಕ ಒರೆಸಿಕೊಂಡು ಪುಟ ತಿರುಗಿಸಿದರು. 'ಇಂದೂ ಗಾಡಿ ತಡ. ನಿಂತು ಕಾಲು ಸೋತಿರುವುದರಿಂದ ಒಂದು ಬೆಂಚು ತರಿಸತಕ್ಕದ್ದು. ಮೂರಕ್ಕೆ ಒಂದು.' ಇನ್ನೊಂದು ಪುಟ. 'ಬೆಂಚಿನ ಮೇಲೆ ಬಿಸಿಲು. ಮಾಡು ಹಾಕಿಸತಕ್ಕದ್ದು.' ಮತ್ತೊಂದು. 'ಗಾಳಿಗೆ ಇಸ್ಪೀಟಿನ ಎಲೆ ಹಾರುತ್ತಿವೆ. ಮಾಡಿನ ಸುತ್ತ ಗೋಡೆ ಎಬ್ಬಿಸತಕ್ಕದ್ದು. ಸರ್ವಾನುಮತ.'

ಗುಮಾಸ್ತರಿಗೆ ನಗು ತಡೆಯಲಾಗಲಿಲ್ಲ. ಜಮೀನುದಾರನೂ ಇಲ್ಲ, ಮದುವೆಯೂ ಇಲ್ಲ, ಹಡಗಿನ ಕಂಪನಿಯೂ ಇಲ್ಲ! ಐಸು ಕೊಳ್ಳಲು ಬಂದ ನಾಲ್ಕು ಜನ, ಗಾಡಿ ತಡವಾಯಿತೆಂದು ಕಾದು ಕೂತವರು, ಎದ್ದು ಹೋಗಲು ಮನಸ್ಸು ಬಾರದೆ ತಮ್ಮ ಸುತ್ತ ಒಂದು ಕಟ್ಟಡವನ್ನೇ ಕಟ್ಟಿಕೊಂಡಿದ್ದರು. ಮೇಲಿನ ಮಹಡಿಯ ಆಕಾಶದ ಬಾಗಿಲಿಗೂ ಕಾರಣ ಸಿಕ್ಕಿತು. ಗಾಡಿ ಬರುತ್ತಿದೆಯೇ ಎಂದು ನೋಡಲು ಒಂದು ಬಾಗಿಲಿರಲಿ ಎಂಬುದು ಮೂರಕ್ಕೆ ಒಂದರಲ್ಲಿ ಗೆದ್ದಿತ್ತು, ಮುಂದೆ ಮೆಟ್ಟಿಲು ಬೇಕೆಂಬುದು ಒಂದಕ್ಕೆ ಮೂರರಲ್ಲಿ ಸೋತಿತ್ತು.

ಊಟದ ಹೊತ್ತು ಕಳೆದುಹೋಗಿದ್ದು ಗುಮಾಸ್ತರ ಗಮನಕ್ಕೆ ಬರಲಿಲ್ಲ. ಹಾಗಾದರೆ ಆ ಐಸನ್ನು ಇಡುತ್ತಿದ್ದುದೆಲ್ಲಿ? ಕ್ಲಬ್ಬಿಗಿಂತ ಮೊದಲೇ ಇದ್ದ ಜಾಗ ಯಾವುದು? ಉತ್ತರ ಆರನೆಯ ಪುಟದಲ್ಲಿತ್ತು. 'ಮಂಜುಗಡ್ಡೆಯ ಮನೆಗೆ ಬೆನ್ನು ಕೊಟ್ಟು ಕಟ್ಟತಕ್ಕದ್ದು. ಗೋಡೆ ತಂಪಾಗಿರುತ್ತದೆ.'

ಗುಮಾಸ್ತರು ಪುಸ್ತಕ ಮುಚ್ಚಿದರು. ಕ್ಲಬ್ಬಿನ ಬೆನ್ನಿಗೆ ಇರುವುದು ಒಂದೇ. ಮೊಳಕ್ಕಿಂತ ದಪ್ಪದ ಗೋಡೆ, ಸೂರಿನ ಹತ್ತಿರ ಅಂಗೈಯಗಲದ ಬೆಳಕಿಂಡಿ, ನೆಲದ ನಡುವೆ ಒಂದು ತೂತು, ನಿಂಬೆಹಣ್ಣು ಎಲ್ಲಿಟ್ಟರೂ ಆ ತೂತಿನ ಕಡೆಗೇ ಉರುಳುವಂಥ ಇಳಿಜಾರು. ಬೇಸಿಗೆಯಲ್ಲೂ ಹೆಂಡತಿ ಶಾಲು ಹೊದ್ದು ಪಾತ್ರೆ ತೊಳೆಯುತ್ತಿದ್ದ ಮನೆ. ತಮ್ಮದೇ ಮನೆ!

"ಏಣಿ!" ಎಂದು ಅವರು ಈ ಸಲ ಕೂಗಿದ ರಭಸಕ್ಕೆ ಹಲ್ಲಿನ ಡಾಕ್ಟರ ಕೈಯಿಂದ ಎಲೆ ಉದುರಿ, ಎಲ್ಲರೂ ಅವರ ಎಲೆ ನೋಡಿಬಿಟ್ಟರಂತೆ. ಆಟ ಕೆಟ್ಟಿತು. ಹಾಗಾಗಿ ಏಣಿ ಬಂತು.

ಇಳಿದಾಗ ಗಂಟೆ ಮೂರೂ ಮುಕ್ಕಾಲು. ಮೈಯೆಲ್ಲ ಧೂಳು, ತಲೆಯಲ್ಲಿ ಜೇಡರ ಬಲೆ. ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗಿದ್ದ ಅವರನ್ನು, ಆಗ ತಾನೇ ಬಾಗಿಲೊಳಗೆ ಬಂದ ಅಧಿಕಾರಿ ಅಡಿಯಿಂದ ಮುಡಿಯವರೆಗೆ ನೋಡಿದರು. ಸಣ್ಣಗಿನ, ಕುಳ್ಳನೆಯ ಹೆಂಗಸು. ಹೆಗಲಲ್ಲಿ ಚೀಲ, ಕೈಯಲ್ಲಿ ಒಂದು ಪುಟಾಣಿ ಸುತ್ತಿಗೆ. ನಡೆಯುತ್ತಾ ನಡೆಯುತ್ತಾ ಗೋಡೆಗೆ ಟಕ್ ಟಕ್ ಎಂದು ಬಡಿದು, ಕಿವಿಯಿಟ್ಟು ಕೇಳುತ್ತಿದ್ದರು.

ಜಡ್ಜ್ ಸಾಹೇಬರು ಎದ್ದು ನಿಂತು, ಬೆಳಗಿನ ನಡಾವಳಿಯನ್ನು ತೀರ್ಪು ಓದುವ ಧಾಟಿಯಲ್ಲಿ ಓದಿದರು.

ಅಧಿಕಾರಿ ಸುತ್ತಿಗೆ ಕೆಳಗಿಳಿಸಿದರು. "ಕಟ್ಟಡದ ವಯಸ್ಸಿಗೆ ವೋಟು ಹಾಕಿದ್ದೀರಾ?"

"ಸರ್ವಾನುಮತ, ಮೇಡಂ," ಎಂದರು ಹಲ್ಲಿನ ಡಾಕ್ಟರು.

"ನಗರಸಭೆ ಕಡತದಲ್ಲೂ ನಿಮ್ಮದೊಂದು ಸರ್ವಾನುಮತ ಇದೆ." ಅಧಿಕಾರಿ ಚೀಲದಿಂದ ಒಂದು ಹಳದಿ ಹಾಳೆ ತೆಗೆದರು. "ಇದರ ಪ್ರಕಾರ ಕಟ್ಟಡಕ್ಕೀಗ ನಲವತ್ತು. ಇದೂ ನೀವು ಕಳಿಸಿದ ನಮೂನೆನೂ ಒಂದೇ ಅಕ್ಷರ. ಯಾರು ಬರೆದಿದ್ದು?"

ಇಡೀ ಕೋಣೆ ಗುಮಾಸ್ತರ ಕಡೆ ತಿರುಗಿತು. ಮೂವತ್ತೊಂದು ವರ್ಷದಲ್ಲಿ ಅಷ್ಟೊಂದು ಜನ ಒಟ್ಟಿಗೆ ಅವರನ್ನು ನೋಡಿದ್ದು ಅದೇ ಮೊದಲು. ಜೀವ ಬಾಯಿಗೆ ಬಂತು.

"ಅಕ್ಷರ ನಂದು ಮೇಡಂ. ವಯಸ್ಸು ಇವರದ್ದು," ಎಂದುಬಿಟ್ಟರು.

"ಆಧಾರ ಇಲ್ಲ ಅಂತಾಯ್ತು," ಎಂದು ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಮೂಲೆಯಲ್ಲಿದ್ದ ಕಾರ್ಯದರ್ಶಿಗಳ ಮುಖದಲ್ಲಿ ಸಣ್ಣಗೆ ಒಂದು ಕಳೆ ಬಂತು.

"ಇದೆ ಮೇಡಂ!" ಗುಮಾಸ್ತರು ಕಿರುಚಿದಂತೆ ಹೇಳಿದರು. ತಮ್ಮ ದನಿಗೆ ತಾವೇ ಬೆಚ್ಚಿದರು. "ನೀವು ಒಂದು ಸಲ ನಮ್ಮ ಮನೆಗೆ ಬನ್ನಿ."

ಹೇಳದೆ ಕೇಳದೆ ಅಧಿಕಾರಿ, ಜಡ್ಜು, ಡಾಕ್ಟರು, ಕಾರ್ಯದರ್ಶಿ, ಅವರ ಹಿಂದೆ ಉಳಿದವರೆಲ್ಲ ಸಾಲಾಗಿ ಒಳಗೆ ನುಗ್ಗಿದ್ದು ನೋಡಿ ಹೆಂಡತಿ ಕಕ್ಕಾಬಿಕ್ಕಿಯಾದರು. ಹಗ್ಗದ ಮೇಲೆ ಒಣಹಾಕಿದ್ದ ಗುಮಾಸ್ತರ ಬನಿಯನ್ನು ಜಡ್ಜ್ ಸಾಹೇಬರ ಹಣೆಗೆ ತಾಗಿತು. "ಒಂದು ಮಾತು ಹೇಳಬಾರದಾ? ಮನೆ ಹೇಗಿದೆ ನೋಡಿ!" ಎಂದು ಗಂಡನ ತೋಳು ಚಿವುಟಿದರು.

"ಇವಳೇ, ಸುಮ್ಮನಿರು. ನಮ್ಮ ಮನೆ ಉಳಿಸ್ತಾ ಇದ್ದೀನಿ."

ಅಧಿಕಾರಿ ಗೋಡೆಗೆ ಟಕ್ ಎಂದರು. ನಿಂತರು. ಮತ್ತೆ ಟಕ್ ಎಂದರು. ಅವರ ಕಣ್ಣು ಅಗಲವಾಯಿತು. ಗೋಡೆಯ ಬಿರುಕಿನೊಳಕ್ಕೆ ಒಂದು ಕಡ್ಡಿ ತೂರಿಸಿ ಎಳೆದರೆ ತುದಿಗೆ ಮರದ ಹೊಟ್ಟು ಅಂಟಿ ಬಂತು. "ಜೋಡಿ ಗೋಡೆ," ಎಂದು ಪಿಸುಗುಟ್ಟಿದರು. "ನಡುವೆ ಹೊಟ್ಟು ತುಂಬಿದ್ದಾರೆ." ನೆಲದ ಮೇಲೆ ಮಂಡಿಯೂರಿ ತೂತಿನೊಳಗೆ ಟಾರ್ಚು ಬಿಟ್ಟರು. ಗುಮಾಸ್ತರು ಪುಟ್ಟ ಪುಸ್ತಕ ಚಾಚಿದರು. ಅಧಿಕಾರಿ ಅಲ್ಲೇ ನೆಲದ ಮೇಲೆ ಕೂತು ಓದಿದರು, ಓದುತ್ತಾ ನಕ್ಕರು.

"ಇದು ಐಸ್ ಮನೆ ಕಣ್ರೀ! ಯಂತ್ರ ಬರೋಕೆ ಮೊದಲು ಹಡಗಿನಲ್ಲಿ ಐಸ್ ಬರ್ತಿತ್ತಲ್ಲ, ಆ ಕಾಲದ್ದು. ಇಂಥದ್ದು ಒಂದೂ ಉಳಿದಿಲ್ಲ ಅಂದ್ಕೊಂಡಿದ್ದೆ. ವರ್ಷ ಎಲ್ಲಾದರೂ ಕೆತ್ತಿರಬೇಕು. ಆ ಡಬ್ಬಿಗಳ ಹಿಂದೆ ಏನಿದೆ?"

ಹೆಂಡತಿಯ ಡಬ್ಬಿಗಳ ಸಾಲು ಒಂದು ಅಗಲವಾದ ಕಲ್ಲಿನ ತೊಲೆಗೆ ಒರಗಿಕೊಂಡಿತ್ತು. "ಅದನ್ನೆಲ್ಲ ಮುಟ್ಟಬೇಡಿ, ನಾನು ಕೊಡ್ತೀನಿ," ಎಂದು ಅವರೇ ಒಂದೊಂದಾಗಿ ಇಳಿಸಿದರು. ಡಬ್ಬಿಗಳು ಕೈಯಿಂದ ಕೈಗೆ ಹೋದವು. ಜಡ್ಜ್ ಸಾಹೇಬರು ಎರಡೂ ಕೈಯಲ್ಲಿ ಉಪ್ಪಿನ ಭರಣಿ ಹಿಡಿದು ನಿಂತರು, ಹಲ್ಲಿನ ಡಾಕ್ಟರ ಎದೆಗೆ ಸಕ್ಕರೆ ಡಬ್ಬಿ ಆನಿಕೊಂಡಿತು. ಕಾರ್ಯದರ್ಶಿಗಳ ಪಾಲಿಗೆ ಖಾರದ ಪುಡಿ ಬಂದು ಒಂದೇ ಸಮನೆ ಸೀನತೊಡಗಿದರು. ಅಧಿಕಾರಿ ಒದ್ದೆ ಬಟ್ಟೆಯಿಂದ ಮಸಿ ಒರೆಸಿದರು. ಕಲ್ಲಿನ ಮೇಲೆ ನಾಲ್ಕು ಅಂಕಿಗಳು ಮೆಲ್ಲಗೆ ಮೂಡಿದವು.

"ನೂರ ಅರವತ್ತೆರಡು ವರ್ಷ!" ಎಂದರು ಅಧಿಕಾರಿ.

ಚಪ್ಪಾಳೆ ಬಿತ್ತು. ಕೈ ಖಾಲಿ ಇದ್ದವರು ಚಪ್ಪಾಳೆ ಹೊಡೆದರು, ಇಲ್ಲದವರು ಡಬ್ಬಿ ಕುಲುಕಿದರು. "ನಾನು ಹೇಳಿದ್ದು ನೂರೈವತ್ತು, ಹೆಚ್ಚು ಕಮ್ಮಿ ಸರಿ," ಎಂದು ಜಡ್ಜ್ ಸಾಹೇಬರು ಬೀಗಿದರು. ಗುಮಾಸ್ತರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ತಾವು ದಿನಾ ಬೆನ್ನು ಒರಗಿಸಿ ಕಾಫಿ ಕುಡಿಯುವ ಗೋಡೆ ಇಡೀ ಕ್ಲಬ್ಬಿಗೆ ಅಜ್ಜ! ಸಂತೋಷಕ್ಕೆ ಕಣ್ಣು ಮಂಜಾಯಿತು. ಇನ್ನು ಯಾವ ಬಿಲ್ಡರೂ ಇಲ್ಲ, ಯಾವ ಹಾರೆಯೂ ಇಲ್ಲ. ಹೆಂಡತಿಯ ಮುಖವನ್ನು ಹೆಮ್ಮೆಯಿಂದ ನೋಡಿದರು. ಅವರೂ ಬಹಳ ದಿನದ ಮೇಲೆ ಗಂಡನನ್ನು ಒಂದು ನಮೂನೆ ಮೆಚ್ಚುಗೆಯಿಂದ ನೋಡಿದರು.

ಅಧಿಕಾರಿ ಅಡುಗೆಕಟ್ಟೆಯ ಮೇಲೇ ಕಾಗದ ಹರಡಿ ಬರೆದರು. ಬರೆದದ್ದನ್ನು ಓದಿ ಹೇಳಿದರು. "ಇಡೀ ಕಟ್ಟಡ ಸಂರಕ್ಷಿತ. ಯಾರೂ ಕೆಡವೋ ಹಾಗಿಲ್ಲ, ಬದಲಾಯಿಸೋ ಹಾಗಿಲ್ಲ. ಕ್ಲಬ್ಬು ಕ್ಲಬ್ಬಾಗಿಯೇ ಇರಬೇಕು. ಇನ್ನು ಈ ಎರಡು ಕೋಣೆ ಮೊದಲನೇ ದರ್ಜೆ. ಇಲ್ಲಿ ಮೊಳೆ ಹೊಡೆಯೋ ಹಾಗಿಲ್ಲ, ನೀರು ಚೆಲ್ಲೋ ಹಾಗಿಲ್ಲ, ಒಲೆ ಹಚ್ಚೋ ಹಾಗಿಲ್ಲ, ವಾಸ ಮಾಡೋ ಹಾಗಿಲ್ಲ. ಶನಿವಾರದೊಳಗೆ ಖಾಲಿಯಾದ್ರೆ ಸಾಕು."

"ಸಾಕು ಅಂದ್ರೆ?" ಎಂದರು ಗುಮಾಸ್ತರು. "ವಾಸ ಮಾಡೋ ಹಾಗಿಲ್ಲ ಅಂದ್ರೆ ಯಾರು ಮೇಡಂ?"

"ನೀವೇ. ಉಸಿರಿನ ತೇವ ಹಳೇ ಗಾರೆಗೆ ಆಗಿಬರೋಲ್ಲ."

"ಮೂವತ್ತೊಂದು ವರ್ಷದಿಂದ ಈ ಗೋಡೆ ತೇವ ನಮ್ಮ ಮಂಡಿಗೆ ಆಗಿಬಂದಿಲ್ಲ, ಅದನ್ನ ಯಾರೂ ಬರ್ಕೊಳ್ಳಲಿಲ್ಲ," ಎಂದರು ಹೆಂಡತಿ. ಅವರ ಕೈಯಲ್ಲಿ ಬೇಳೆ ಡಬ್ಬಿ ಹಾಗೇ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತೋಚಲಿಲ್ಲ.

ಗುಮಾಸ್ತರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಪೆಟ್ಟಿಗೆಯಿಂದ ಹಳೆಯ ಕಾಗದ ಹುಡುಕಿ ತಂದು ತೋರಿಸಿದರು. 'ಕಟ್ಟಡ ಇರುವ ತನಕ' ಎಂದು ಬೆರಳಿಟ್ಟು ತೋರಿಸಿದರು. ಅಧಿಕಾರಿ ಓದಿ, ಇದು ಸರ್ಕಾರಿ ಆದೇಶದ ಮುಂದೆ ನಿಲ್ಲೋದಿಲ್ಲ ಎಂದು ತುಂಬ ಮರ್ಯಾದೆಯಿಂದಲೇ ಹಿಂದಕ್ಕೆ ಕೊಟ್ಟರು.

"ಕ್ಲಬ್ಬಿನೊಳಗೆ ಒಂದು ಕೋಣೆ ಕೊಟ್ರೆ ಹೇಗೆ?" ಎಂದು ಜಡ್ಜ್ ಸಾಹೇಬರು ಮರುಗಿ ಕೇಳಿದರು. "ವೋಟು ಹಾಕೋಣ."

"ಹಾಕಿ. ಆದ್ರೆ ಕ್ಲಬ್ಬಲ್ಲಿ ಸಂಸಾರ ಇಡೋ ಹಾಗಿಲ್ಲ ಅಂತ ಈಗ ತಾನೇ ಬರೆದಿದ್ದೀನಿ," ಎಂದರು ಅಧಿಕಾರಿ. ಜಡ್ಜ್ ಸಾಹೇಬರು ಎತ್ತಿದ ಕೈಯಿಂದಲೇ ತಲೆ ಕೆರೆದುಕೊಂಡರು.

ಆಗ ಕಾರ್ಯದರ್ಶಿಗಳು ಖಾರದ ಪುಡಿ ಡಬ್ಬಿಯನ್ನು ಕೆಳಗಿಟ್ಟು, ಮೂಗು ಒರೆಸಿಕೊಂಡು ಮುಂದೆ ಬಂದರು. ಜೇಬಿನಿಂದ ಹದಿನಾರು ಮಹಡಿಯ ಹೊಸ ಕಟ್ಟಡದ, ನಾಲ್ಕು ಮಡಿಕೆಯ ಒಂದು ನಕ್ಷೆ ತೆಗೆದು ಬಿಡಿಸಿದರು. "ಇಲ್ಲಿ ನೋಡಿ ಗುಮಾಸ್ತರೇ. ಎರಡನೇ ಮಹಡಿ, ಪೂರ್ವದ ಮೂಲೆ. ಎರಡು ಕೋಣೆ, ಒಂದು ಅಡುಗೆಮನೆ, ಬಿಸಿಲು ಬೀಳೋ ಬಾಲ್ಕನಿ. 'ಗುಮಾಸ್ತರ ಮನೆ' ಅಂತ ಬರೆಸಿದ್ದೀನಿ. ಇದಕ್ಕೆ ಒಪ್ಪಿಸೋಕೆ ಆ ಬಿಲ್ಡರ್ ಹತ್ರ ಎರಡು ತಿಂಗಳು ಜಗಳ ಆಡಿದ್ದೀನಿ. ಇನ್ನೆಲ್ಲಿ ಬಿಲ್ಡರ್ರು, ಇನ್ನೆಲ್ಲಿ ಬಾಲ್ಕನಿ."

"ಮೊದಲೇ ಒಂದು ಮಾತು ಹೇಳಬಾರದಿತ್ತಾ ಸಾರ್?" ಎಂದರು ಗುಮಾಸ್ತರು, ಕೈಯಲ್ಲಿದ್ದ ಹಳೆಯ ಕಾಗದವನ್ನು ಮಡಚುತ್ತಾ.

"ಎರಡು ವಾರದಿಂದ ಹೇಳೋಕೇ ಬರ್ತಿದ್ದೀನಿ. ನನ್ನ ಕಂಡ ತಕ್ಷಣ ನೀವು ಹೊಟ್ಟೆ ಹಿಡ್ಕೊಂಡು ಬಾತ್‌ರೂಮಿಗೆ ಓಡ್ತೀರಿ. ಪಾಪ, ಏನು ಕಾಯಿಲೆಯೋ ಅಂತ ನಾನೂ ಸುಮ್ಮನಾದೆ."

ಹೆಂಡತಿ ಬಗ್ಗಿ ನಕ್ಷೆಯನ್ನು ನೋಡಿದರು. ಬಾಲ್ಕನಿಯ ಗೆರೆಯ ಮೇಲೆ ಒಂದು ಸಲ ಬೆರಳಾಡಿಸಿದರು. ಆಮೇಲೆ ಗಂಡನನ್ನು ನೋಡಿದರು. ಬೈದಿದ್ದರೆ ಗುಮಾಸ್ತರಿಗೆ ಎಷ್ಟೋ ಹಗುರವಾಗುತ್ತಿತ್ತು. ಬದಲಿಗೆ ಕೈಯಲ್ಲಿದ್ದ ಬೇಳೆ ಡಬ್ಬಿಯನ್ನು ಗಂಡನ ಕೈಗಿಟ್ಟರು.

ಅಧಿಕಾರಿ ಸುತ್ತಿಗೆಯನ್ನು ಚೀಲಕ್ಕೆ ಸೇರಿಸಿ ಬಾಗಿಲ ತನಕ ಹೋದವರು, ಮನಸ್ಸು ತಡೆಯದೆ ತಿರುಗಿ ಬಂದರು.

"ತುಂಬಾ ಬೇಜಾರು ಮಾಡ್ಕೋಬೇಡಿ," ಎಂದು ಗುಮಾಸ್ತರ ಹೆಂಡತಿಯ ಕೈ ಹಿಡಿದುಕೊಂಡರು. "ನೀವಿಬ್ಬರೂ ಯಾವಾಗ ಬೇಕಾದ್ರೂ ಬಂದು ಮನೆ ನೋಡ್ಕೊಂಡು ಹೋಗಬಹುದು. ಹತ್ತರಿಂದ ಐದರ ತನಕ ತೆರೆದಿರುತ್ತೆ, ನಿಮಗೆ ಟಿಕೆಟ್ ಇಲ್ಲ. ಸೋಮವಾರ ಮಾತ್ರ ಬರಬೇಡಿ. ಸೋಮವಾರ ರಜಾ."